ಕುಮಾರ ಪರ್ವತ: ಕಷ್ಟವೆಂಬ ಹೆಸರೇ ಜನ ತರುವ ಬೆಟ್ಟ

ನವೆಂಬರ್–ಡಿಸೆಂಬರಿನ ಶನಿವಾರ ನಸುಕಿನಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂದಿಳಿಯುವ ಬೆಂಗಳೂರಿನ ರಾತ್ರಿ ಬಸ್ಸುಗಳಲ್ಲಿ ಎರಡು ಬಗೆಯ ಪ್ರಯಾಣಿಕರಿರುತ್ತಾರೆ. ಒಬ್ಬರು ಸ್ನಾನ ಮುಗಿಸಿ ದೇವಸ್ಥಾನದ ಸಾಲಿಗೆ ಹೋಗುತ್ತಾರೆ, ಇನ್ನೊಬ್ಬರು ಬ್ಯಾಗು ಬೆನ್ನಿಗೇರಿಸಿ ಕಾಡಿನ ದಾರಿ ಹಿಡಿಯುತ್ತಾರೆ. ಈ ಎರಡನೆಯವರಲ್ಲಿ ಹೆಚ್ಚಿನವರನ್ನು ಇಲ್ಲಿಗೆ ಕರೆತಂದದ್ದು ಒಂದೇ ಮಾತು: ದಕ್ಷಿಣ ಭಾರತದ ಅತಿ ಕಷ್ಟದ ಚಾರಣಗಳಲ್ಲಿ ಕುಮಾರ ಪರ್ವತವೂ ಒಂದು.

ಈ ಕಷ್ಟ ಎತ್ತರದ್ದಲ್ಲ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಇದ್ದರೂ ಅಲ್ಲಿ ತುದಿಯ ಹತ್ತಿರದವರೆಗೆ ವಾಹನ ಹೋಗುತ್ತದೆ, ಆಮೇಲೆ ಮೆಟ್ಟಿಲು. ಕುಮಾರ ಪರ್ವತ 1,712 ಮೀಟರ್ ಅಷ್ಟೇ, ಕೊಡಗಿನ ತಡಿಯಂಡಮೋಳಿಗಿಂತಲೂ ಗಿಡ್ಡ. ಆದರೆ ಕುಕ್ಕೆ ಇರುವುದು ಸಮುದ್ರಮಟ್ಟದಿಂದ 120 ಮೀಟರಿನ ಆಸುಪಾಸಿನಲ್ಲಿ. ಹಾಗಾಗಿ 12–13 ಕಿ.ಮೀ. ದಾರಿಯಲ್ಲಿ ಸುಮಾರು 1,600 ಮೀಟರ್ ಏರಬೇಕು, ಮತ್ತೆ ಅಷ್ಟನ್ನೂ ಇಳಿಯಬೇಕು. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಿದರೆ ದೂರ ಸುಮಾರು 7 ಕಿ.ಮೀ. ಊರೇ ಎತ್ತರದಲ್ಲಿರುವುದರಿಂದ ಏರುವುದೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಾಗಿದ್ದರೂ ಜನ ಮುಗಿಬೀಳುವುದು ಕುಕ್ಕೆಯ ದಾರಿಗೇ.

ಕುಕ್ಕೆಯಿಂದ ಹೊರಟರೆ ಮೊದಲ ಮೂರು ಗಂಟೆ ದಟ್ಟ ಕಾಡು. ಬೇರುಗಳೇ ಮೆಟ್ಟಿಲು, ನೆರಳು ಬೇಕಾದಷ್ಟು. ಮಳೆಗಾಲ ಮುಗಿದ ಹೊಸದರಲ್ಲಿ ಇಂಬಳ ಕಾಡುತ್ತವೆ. ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದುಕೊಂಡು ಉಪ್ಪೋ ನಶ್ಯಪುಡಿಯೋ ಸವರಿಕೊಂಡರೆ ಬಹುಮಟ್ಟಿಗೆ ಸಾಕು. ಭೀಮನ ಬಂಡೆ ದಾಟಿ ಗಿರಿಗದ್ದೆಯ ಭಟ್ಟರ ಮನೆ ಬರುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧ ದಾರಿ ಮುಗಿದಿರುತ್ತದೆ. ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸುತ್ತ ಬಂದ ಈ ಮನೆ ಇಲ್ಲದಿದ್ದರೆ ಬೆಟ್ಟಕ್ಕೆ ಇಷ್ಟು ಹೆಸರು ಬರುತ್ತಿರಲಿಲ್ಲ.

ಅರಣ್ಯ ಇಲಾಖೆಯ ತಪಾಸಣಾ ಠಾಣೆ ದಾಟಿದ ಮೇಲೆ ಬರೀ ಹುಲ್ಲುಬೆಟ್ಟ. ಜನ ಸೋಲುವುದು ಇಲ್ಲಿ. ಕಾಡಿನಲ್ಲಿ ನಿಧಾನಿಸಿದವರು ಈ ಬಯಲಿಗೆ ಬರುವಾಗ ಬಿಸಿಲು ನೆತ್ತಿಗೇರಿರುತ್ತದೆ, ಕೂರಲು ಒಂದು ಮರವೂ ಇಲ್ಲ. ಕಲ್ಲು ಮಂಟಪದ ಬಳಿ ಸಿಗುವ ನೀರು ಬೇಸಿಗೆ ಹತ್ತಿರವಾದಂತೆ ಬತ್ತುವುದರಿಂದ ಅದನ್ನು ನಂಬುವಂತಿಲ್ಲ. ಗಿರಿಗದ್ದೆಯಿಂದಲೇ ತಲೆಗೆ ಮೂರು ಲೀಟರ್ ತುಂಬಿಕೊಳ್ಳಬೇಕು, ಎರಡು ಪೊಟ್ಟಣ ಓಆರ್‌ಎಸ್ ಜೊತೆಗಿರಬೇಕು. ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ. ಬರೀ ನೀರು ಕುಡಿಯುತ್ತ ಹತ್ತಿದವರಿಗೆ ಮೀನಖಂಡ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಈ ಏರಿನಲ್ಲೇ.

ಶೇಷ ಪರ್ವತ ಮುಟ್ಟಿದಾಗ ಮುಗಿಯಿತು ಅನ್ನಿಸುತ್ತದೆ. ಮುಗಿದಿರುವುದಿಲ್ಲ. ಅಲ್ಲಿಂದ ಶೋಲಾ ಕಾಡಿಗೆ, ಅಂದರೆ ಹುಲ್ಲುಬೆಟ್ಟಗಳ ಮಡಿಲಿನ ಕುಳ್ಳ ಮರಗಳ ದಟ್ಟ ಕಾಡಿಗೆ, ಇಳಿದು, ಜಾರುವ ಬಂಡೆಯೊಂದನ್ನು ಕೈಕಾಲು ಊರಿ ಹತ್ತಿದರೆ ಮಾತ್ರ ಕುಮಾರ ಪರ್ವತ. ಬಂಡೆ ಒದ್ದೆಯಿದ್ದರೆ ಸವೆದ ಅಟ್ಟೆಯ ಶೂ ನಿಲ್ಲುವುದಿಲ್ಲ.

ಇಷ್ಟು ಕಷ್ಟವಿದ್ದೂ ಜನ ಯಾಕೆ ತುಂಬುತ್ತಾರೆ? ಇಲ್ಲಿ ಬೇಕಾದದ್ದು ತ್ರಾಣ. ಹಗ್ಗ ಕಟ್ಟಲು ಬರಬೇಕಿಲ್ಲ, ಯಾರೂ ಕಲಿಸಬೇಕಿಲ್ಲ. ಮಾಗಡಿ ಬಳಿಯ ಸಾವನದುರ್ಗವನ್ನು ನೋಡಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ನಡೆದು ಹತ್ತುವ ದಾರಿಯಲ್ಲಿ ಭಾನುವಾರ ಜಾತ್ರೆ. ಅದೇ ಬೆಟ್ಟದ ಬೋಳು ಬಂಡೆಯ ಮೇಲಿರುವ ‘ಬೆಳದಿಂಗಳು’, ‘ದೀಪಾವಳಿ’ ಎಂಬ ಆರೋಹಣ ಮಾರ್ಗಗಳಲ್ಲಿ ಬೆರಳೆಣಿಕೆಯ ಜನ. ಅಲ್ಲಿ ಹಿಡಿತಗಳಿಲ್ಲ, ಹಗ್ಗ ಸಿಕ್ಕಿಸಲು ಬಂಡೆಗೆ ಹೊಡೆದ ಬೋಲ್ಟುಗಳ ನಡುವೆ ಅಂತರ ಹೆಚ್ಚು, ಶೂವಿನ ಘರ್ಷಣೆಯನ್ನೇ ನಂಬಬೇಕು. ಕಾಲಿಗೆ ಒಡ್ಡಿದ ಸವಾಲು ಜನರನ್ನು ಸೆಳೆಯುತ್ತದೆ, ಕಲಿಕೆ ಕೇಳುವ ಸವಾಲು ದೂರ ಇಡುತ್ತದೆ. ಕುಮಾರ ಪರ್ವತಕ್ಕೆ ಇನ್ನೊಂದು ಅನುಕೂಲವೂ ಇದೆ: ಶುಕ್ರವಾರ ರಾತ್ರಿ ಬಸ್ಸು ಹತ್ತಿದವರು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬಹುದು.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಸಾವಿರಾರು ಜನ ಒಟ್ಟಿಗೆ ಬಂದು ದಾರಿಯುದ್ದಕ್ಕೂ ಸಾಲುಗಟ್ಟಿದ್ದರು. ಆಮೇಲೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂದವು. ಅದು ಬೇಕಾಗಿಯೇ ಇತ್ತು. ಗುಂಪು ಸೇರಿದರೆ ಬೆಟ್ಟದ ಕಷ್ಟವೇ ಬದಲಾಗುತ್ತದೆ: ಕೊನೆಯ ಬಂಡೆಯಲ್ಲಿ ಒಬ್ಬೊಬ್ಬರೇ ಹತ್ತಬೇಕು, ಹಿಂದಿನವರು ಕಾಯಬೇಕು, ಕಾಯುವಾಗ ನೀರು ಖಾಲಿ. ಸಾಲು ತಪ್ಪಿಸಲು ಹುಲ್ಲಿನ ಮೇಲೆ ಪಕ್ಕಕ್ಕೆ ತುಳಿದ ದಾರಿಗಳು ಮುಂದಿನ ಮಳೆಗೆ ಕೊರಕಲಾಗುತ್ತವೆ. ಈ ನೆಲ ಪುಷ್ಪಗಿರಿ ವನ್ಯಜೀವಿಧಾಮ. ಕುಮಾರಧಾರಾ ನದಿ ಹುಟ್ಟುವುದೂ ಇಲ್ಲೇ.

ಹೊರಡುವ ಮುನ್ನ ಬುಕಿಂಗ್ ತೆರೆದಿದೆಯೇ ನೋಡಿಕೊಳ್ಳಿ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮತ್ತೆ ಮುಚ್ಚುತ್ತಾರೆ. ಬೆಳಿಗ್ಗೆ ಆರಕ್ಕೆ ಹೆಜ್ಜೆ ಹಾಕಿ. ಮಧ್ಯಾಹ್ನ ಒಂದಕ್ಕೂ ಶೇಷ ಪರ್ವತ ಸಿಗದಿದ್ದರೆ ಇದ್ದಲ್ಲಿಂದಲೇ ಹಿಂದಿರುಗಿ, ಏಕೆಂದರೆ ಇಳಿಯಲೂ ಐದಾರು ಗಂಟೆ ಬೇಕು. ಒಣ ಹುಲ್ಲು, ಉರುಳುವ ಹರಳುಕಲ್ಲಿನ ಮೇಲೆ ಮಂಡಿ ನೋಯತೊಡಗಿದವರಿಗೆ ಒಂದು ಊರುಗೋಲು ಕೊಡಿ, ಅವರನ್ನೇ ಮುಂದೆ ಬಿಡಿ. ಗಿರಿಗದ್ದೆಯ ಕೆಳಗಿನ ಕಾಡಿನಲ್ಲಿ ಸಂಜೆ ಐದೂವರೆಗೇ ಕತ್ತಲು ಕವಿಯುತ್ತದೆ, ಅಲ್ಲಿಂದ ಕುಕ್ಕೆಯವರೆಗೂ ಟಾರ್ಚು ಕೈಯಲ್ಲೇ ಇರಲಿ.