ಕನ್ನಡದ ಸ್ಕ್ರೀನ್ ಕೊನೆಯ ವಾರಕ್ಕೆ ಬೇಡ

ಹಣ ಕಳುಹಿಸುವ ಆ್ಯಪ್‌ಗೆ ಕನ್ನಡ ಸೇರಿಸಬೇಕು ಅಂದರೆ ಹೆಚ್ಚಿನ ತಂಡಗಳು ಅದನ್ನು ಅನುವಾದದ ಕೆಲಸ ಅಂದುಕೊಳ್ಳುತ್ತವೆ. ಇಂಗ್ಲಿಷ್ ಸ್ಕ್ರೀನ್‌ಗಳು ಮುಗಿದ ಮೇಲೆ ಒಂದು ಎಕ್ಸೆಲ್ ಶೀಟ್ ಅನುವಾದಕರಿಗೆ ಹೋಗುತ್ತದೆ. ಅದು ವಾಪಸ್ ಬಂದು ಸ್ಕ್ರೀನ್‌ಗೆ ತುಂಬಿದಾಗ ಬಟನ್‌ನಲ್ಲಿ ಅಕ್ಷರ ಹಿಡಿಸುವುದಿಲ್ಲ, ಒತ್ತಕ್ಷರದ ಬುಡ ಕತ್ತರಿಸಿರುತ್ತದೆ. ಸುಮಾರು 20 ಸ್ಕ್ರೀನ್, ಇಬ್ಬರು ಡಿಸೈನರ್, ಒಬ್ಬ ಕನ್ನಡ ಬರಹಗಾರ ಇದ್ದರೆ 3 ವಾರ ಸಾಕು. ಆದರೆ ಬರಹಗಾರ ಮೊದಲ ದಿನವೇ ಬಂದಿರಬೇಕು.

ಮೊದಲ ವಾರ ಸ್ಕ್ರೀನ್ ವಿನ್ಯಾಸ ಮಾಡುವ ತಂತ್ರಾಂಶ ಫಿಗ್ಮಾ ತೆರೆಯುವ ಅಗತ್ಯವೇ ಇಲ್ಲ. ಪ್ರತಿ ವಾಕ್ಯವನ್ನೂ ಪಟ್ಟಿ ಮಾಡಿ: ಯಾವ ಸ್ಕ್ರೀನ್, ಎಷ್ಟು ಜಾಗ, ಖಾಲಿ ಬಿಟ್ಟ ಕಡೆ ಏನು ಬರುತ್ತದೆ (ಹೆಸರೋ, ಮೊತ್ತವೋ). ಈ ಕೊನೆಯ ಕಾಲಂ ಬಿಟ್ಟರೆ ವಿಭಕ್ತಿಯಲ್ಲಿ ಸಿಕ್ಕಿಬೀಳುತ್ತೀರಿ. ಹೆಸರಿನ ಮುಂದೆ ಕೋಡ್ ‘ಗೆ’ ಅಂಟಿಸಿದರೆ ‘ರವಿಗೆ’ ಸರಿ, ಆದರೆ ಸುರೇಶ್ ಬಂದಾಗ ‘ಸುರೇಶ್ಗೆ’ ಎಂದು ಗಕಾರ ಒತ್ತಾಗಿ ಕೆಳಗಿಳಿಯುತ್ತದೆ. ‘ಅವರಿಗೆ’ ಅಂತ ಬಿಡಿಯಾಗಿ ಬರೆದರೆ ಯಾವ ಹೆಸರಿಗೂ ಹೊಂದುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಅಂಗಡಿ ಹೆಸರಿಗೆ ಮಾತ್ರ ‘ಸ್ಟೋರ್ಸ್ ಅವರಿಗೆ’ ವಿಚಿತ್ರ. ಅಲ್ಲಿ ವಾಕ್ಯದ ಗೋಜು ಬೇಡ. ‘ಯಾರಿಗೆ’ ಎಂಬ ಲೇಬಲ್, ಅದರ ಕೆಳಗೆ ಹೆಸರು.

ಎಸ್ಸೆಮ್ಮೆಸ್ ಒಕ್ಕಣೆಯನ್ನೂ ಇದೇ ವಾರ ಮುಗಿಸಿ. ಕಂಪನಿಗಳ ಎಸ್ಸೆಮ್ಮೆಸ್‌ಗಳನ್ನು ನೋಂದಾಯಿಸುವ ಟೆಲಿಕಾಂ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ಟೆಂಪ್ಲೇಟ್ ನೋಂದಣಿಯಾಗದೆ ಸಂದೇಶ ಹೋಗುವುದಿಲ್ಲ, ಆ ಒಪ್ಪಿಗೆ ನಿಮ್ಮ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಅದೂ ಕಣ್ಣಿಗೆ ಕಾಣುವ ಲೆಕ್ಕವಲ್ಲ: ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಯಂತ್ರಕ್ಕೆ 6.

ಪದಗಳಲ್ಲಿ ಹಠ ಬೇಡ. ಬ್ಯಾಲೆನ್ಸ್ ಬ್ಯಾಲೆನ್ಸೇ, ‘ಶಿಲ್ಕು’ ಅಂದರೆ ಜನ ಇಂಗ್ಲಿಷ್‌ಗೆ ಬದಲಾಯಿಸಿಕೊಳ್ಳುತ್ತಾರೆ. ಆದರೆ ಒಂದು ಕಡೆ ‘ಕಳುಹಿಸಿ’, ಇನ್ನೊಂದು ಕಡೆ ‘ರವಾನಿಸಿ’, ಮತ್ತೊಂದು ಕಡೆ ‘ವರ್ಗಾಯಿಸಿ’ ಇರಬಾರದು.

ಎರಡನೇ ವಾರ ಕಾಂಪೊನೆಂಟ್‌ಗಳು, ಅಂದರೆ ಬಟನ್, ಲೇಬಲ್‌ನಂಥ ಮತ್ತೆ ಮತ್ತೆ ಬಳಸುವ ಭಾಗಗಳು. ನೋಟೊ ಸ್ಯಾನ್ಸ್ ಕನ್ನಡ ಫಾಂಟ್ 16ರ ಗಾತ್ರದಲ್ಲಿದ್ದರೆ ಸಾಲಿನ ಎತ್ತರ 26ರಿಂದ ಶುರು ಮಾಡಿ. ಇಂಗ್ಲಿಷ್‌ನ 20 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮಾದರಿ ಪಠ್ಯವಾಗಿ ‘ಮನೆ’, ‘ಹಣ’ ಬಳಸಬೇಡಿ, ಅವು ಎಲ್ಲಿ ಹಾಕಿದರೂ ಕೂರುತ್ತವೆ. ‘ರಾಷ್ಟ್ರೀಯ’, ‘ವೈಶಿಷ್ಟ್ಯ’ ಹಾಕಿ. ಅಕ್ಷರಗಳ ನಡುವಿನ ಅಂತರ ಸೊನ್ನೆ. 12ರ ಗಾತ್ರದಲ್ಲಿ ಬೋಲ್ಡ್ ಹಾಕಿದರೆ ಅಕ್ಷರದೊಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ, ಮೀಡಿಯಂ ಸಾಕು. ಬರೀ ಕ್ಯಾಪಿಟಲ್ ಅಕ್ಷರಗಳಿಂದ ಶೀರ್ಷಿಕೆ ಎತ್ತಿ ತೋರಿಸಿದ್ದರೆ ಆ ವ್ಯತ್ಯಾಸ ಕನ್ನಡದಲ್ಲಿ ಮಾಯ. ಗಾತ್ರವನ್ನೋ ಬಣ್ಣವನ್ನೋ ಬದಲಿಸಬೇಕು. ಬಟನ್‌ಗೆ ನಿಗದಿತ ಎತ್ತರ ಕೊಡದೆ ಕನಿಷ್ಠ 48 ಡಿಪಿ (ಆಂಡ್ರಾಯ್ಡ್‌ನ ಅಳತೆಯ ಘಟಕ) ಇಟ್ಟು, ಎರಡು ಸಾಲಿಗೆ ಬೆಳೆಯಲು ಬಿಡಿ. ಫಿಗ್ಮಾದಲ್ಲಿ ಸ್ಕ್ರೀನ್ ಬಿಡಿಸುವ ಫ್ರೇಮ್‌ನ ಅಗಲ 360 ಇರಲಿ.

ಮೂರನೇ ವಾರ ಐದು ಜನರ ಕೈಗೆ ಫೋನ್ ಕೊಡಿ, ಲ್ಯಾಪ್‌ಟಾಪ್ ಅಲ್ಲ. ಗಟ್ಟಿಯಾಗಿ ಓದಲು ಹೇಳಿ, ತಡವರಿಸಿದ ಪದಕ್ಕೆ ಗುರುತು ಹಾಕಿ. ‘ಅರ್ಥವಾಯ್ತಾ?’ ಅಂತ ಮಾತ್ರ ಕೇಳಬೇಡಿ, ಎಲ್ಲರೂ ‘ಹೂಂ’ ಅಂತಾರೆ.

ಫಿಗ್ಮಾದಲ್ಲಿ ಸರಿ ಕಂಡದ್ದು ಆಂಡ್ರಾಯ್ಡ್‌ನಲ್ಲಿ ಕತ್ತರಿಸಿದರೆ ಮೊದಲು ಅಕ್ಷರದ ಮೇಲೆ, ಕೆಳಗೆ ಹೆಚ್ಚುವರಿ ಜಾಗ ಬಿಡುವ ‘ಇನ್‌ಕ್ಲೂಡ್ ಫಾಂಟ್ ಪ್ಯಾಡಿಂಗ್’ ಸೆಟ್ಟಿಂಗ್ ಆಫ್ ಆಗಿಬಿಟ್ಟಿದೆಯೇ ನೋಡಿ. ಫೋನಿನ ಅಕ್ಷರ ಗಾತ್ರವನ್ನು 1.3 ಪಟ್ಟು ಮಾಡಿ ಎಲ್ಲ ಸ್ಕ್ರೀನ್‌ಗಳನ್ನೂ ಮತ್ತೆ ತೆರೆಯಿರಿ. ಇನ್ನು ಬ್ಯಾಂಕಿನ ಸರ್ವರ್‌ನಿಂದ ಬರುವ ಎರರ್ ಸಂದೇಶಗಳು ನಿಮ್ಮ ಪಟ್ಟಿಯಲ್ಲಿ ಇರುವುದೇ ಇಲ್ಲ. ಹಣ ಕಡಿತವಾಗಿ ತಲುಪದೇ ಇದ್ದಾಗ ಕಾಣುವುದು ಅವೇ, ಇಂಗ್ಲಿಷ್‌ನಲ್ಲಿ. ಎರರ್ ಕೋಡ್‌ಗಳ ಪಟ್ಟಿಯನ್ನು ಎಂಜಿನಿಯರ್‌ಗಳಿಂದ ಮೊದಲ ವಾರವೇ ತರಿಸಿಕೊಂಡು, ಪ್ರತಿ ಕೋಡ್‌ಗೂ ಕನ್ನಡ ವಾಕ್ಯ ಬರೆಸಿ.