ಮೂರು ಸಲ ಕಾರ್ಬೊರೇಟರ್ ಬಿಚ್ಚಿದೆ, ರೋಗ ಇದ್ದದ್ದು ಟ್ಯಾಂಕಲ್ಲಿ

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಮಳೆಗಾಲ ಮುಗಿಯುತ್ತಿದ್ದಂತೆ ತೋಟಗಳ ಕಡೆಯಿಂದ ಹಳೇ ಗಾಡಿಗಳು ಬರುತ್ತವೆ. ನಾಲ್ಕು ತಿಂಗಳು ಶೆಡ್ಡಿನಲ್ಲಿ ಸುಮ್ನೆ ನಿಂತು ಮೊಂಡು ಬಿದ್ದವು.

ಒಂದು ವರ್ಷ ಮೂಡಿಗೆರೆ ಕಡೆಯಿಂದ ಕಾರ್ಬೊರೇಟರ್ ಕಾಲದ ಮಾರುತಿ 800 ಬಂತು. ಏರು ಬಂದರೆ ಮುಗ್ಗರಿಸಿ ನಿಂತುಬಿಡುತ್ತಿತ್ತು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗವೇ ಕಾರ್ಬೊರೇಟರ್. ಅದನ್ನು ತೊಳೆದೆ, ಹೊಸ ಪೆಟ್ರೋಲ್ ಫಿಲ್ಟರ್ ಹಾಕಿದೆ. ಹತ್ತು ದಿನಕ್ಕೆ ವಾಪಸ್. ಮತ್ತೆ ತೊಳೆದೆ, ಮತ್ತೆ ವಾಪಸ್. ಮೂರನೇ ಸಲ ತೋಟದ ಲೆಕ್ಕ ನೋಡುವ ರೈಟರ್, "ಏನಣ್ಣ, ದುಡ್ಡು ತಗೊಳ್ಳೋದು ಮಾತ್ರ ಗೊತ್ತಾ?" ಅಂದರು. ಬೇಜಾರಾಯಿತು. ಆದರೆ ಸುಳ್ಳೇನಲ್ಲ.

ಅವತ್ತೂ ಮೊದಲು ಕಾರ್ಬೊರೇಟರನ್ನೇ ಬಿಚ್ಚಿದೆ. ಆಮೇಲೆ ಫಿಲ್ಟರನ್ನು ಬಿಳಿ ಬಟ್ಟೆ ಮೇಲೆ ಕುಟ್ಟಿದೆ. ಕಾಫಿಪುಡಿಯಂಥ ತುಕ್ಕು ಉದುರಿತು. ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಬಿಟ್ಟೆ. ಅಡಿಯಲ್ಲಿ ಒಂದು ಬೆರಳು ನೀರು, ಮೇಲೆ ಪೆಟ್ರೋಲ್, ನಡುವೆ ಗೆರೆ ಎಳೆದ ಹಾಗೆ. ಟ್ಯಾಂಕ್ ಇಳಿಸಿ ನೋಡಿದರೆ ತಳದಲ್ಲಷ್ಟೇ ಅಲ್ಲ, ಪೆಟ್ರೋಲ್ ಮುಟ್ಟದ ಮೇಲಿನ ಅರ್ಧಕ್ಕೂ ತುಕ್ಕು.

ಕಾರಣ ಇಷ್ಟೇ. ಅರ್ಧ ಖಾಲಿ ಟ್ಯಾಂಕಿನೊಳಗೆ ನಮ್ಮ ಮಲೆನಾಡಿನ ತೇವದ ಗಾಳಿ ತುಂಬಿರುತ್ತದೆ. ರಾತ್ರಿ ತಗಡು ತಣ್ಣಗಾದಾಗ ಹನಿ ಕಟ್ಟಿ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳ ಸೇರುತ್ತದೆ.

ಈಗಿನ ಕಾರುಗಳಲ್ಲಿ ಹೆಚ್ಚಿನವಕ್ಕೆ ಪ್ಲಾಸ್ಟಿಕ್ ಟ್ಯಾಂಕ್. ತುಕ್ಕಿನ ಗೋಳಿಲ್ಲ, ನೀರಿನ ಗೋಳು ಇದೆ. ಪೆಟ್ರೋಲಲ್ಲಿ ಈಗ 20% ಎಥನಾಲ್ ಅನ್ನೋ ಆಲ್ಕೋಹಾಲ್. ಅದು ನೀರನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ನೀರಾದರೆ ಬೆರೆತು ಉರಿದುಹೋಗುತ್ತದೆ, ಜಾಸ್ತಿಯಾದರೆ ಎಥನಾಲ್, ನೀರು ಎರಡೂ ಬೇರೆಯಾಗಿ ತಳಕ್ಕೆ ಕೂರುತ್ತವೆ. ಪಂಪ್ ಎಳೆಯುವುದೂ ಅಲ್ಲಿಂದಲೇ, ಅಲ್ವಾ? ಇನ್ನೊಂದು, ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಪೆಟ್ರೋಲೇ. ರಿಸರ್ವಿನಲ್ಲೇ ಓಡಿಸುವವರ ಪಂಪ್ ಬೇಗ ಸಾಯುತ್ತದೆ.

ಹಾಗಾಗಿ ಮೇ ಕೊನೆಗೆ ಗಾಡಿ ನಿಲ್ಲಿಸುವವರಿಗೆ ಬಂಕಿನಲ್ಲಿ ಆಟೋ ಕಟ್ ಆಗುವಷ್ಟು ತುಂಬಿಸಿ ಅನ್ನುತ್ತೇನೆ. ತಿಂಗಳಿಗೊಮ್ಮೆಯಾದರೂ ಓಡಿಸಿ, ನಿಂತ ಪೆಟ್ರೋಲ್ ಹಳಸುತ್ತದೆ.

ತೂತಾದ ಟ್ಯಾಂಕ್ ಹಿಡಿದು "ಖಾಲಿ ಇದೆ, ಒಂದು ವೆಲ್ಡಿಂಗ್ ಹೊಡಿ" ಅಂತ ಬರುವವರನ್ನು ಮಾತ್ರ ಹಾಗೇ ವಾಪಸ್ ಕಳಿಸುತ್ತೇನೆ. ಖಾಲಿ ಟ್ಯಾಂಕಿನ ತುಂಬ ಆವಿ ಇರುತ್ತದೆ. ಸಿಡಿಯುವುದು ಅದೇ.

ಆ ರೈಟರಿಗೆ ಎರಡು ಸಲದ ಲೇಬರ್ ವಾಪಸ್ ಕೊಟ್ಟೆ. ಮೂರನೆಯದು ಇಟ್ಟುಕೊಂಡೆ. ಟ್ಯಾಂಕ್ ಇಳಿಸುವಷ್ಟರಲ್ಲಿ ಸೊಂಟ ಹೋಗಿತ್ತು.