ಉಚ್ಚೆ ನಿಲ್ಲೋ ಮಾತ್ರೆ ಕೇಳುವವರಿಗೆ

ಶಿರಸಿಯಲ್ಲಿ ಔಷಧಿ ಅಂಗಡಿ ನೋಡಿಕೊಳ್ಳುವ ನನಗೆ ಚಳಿ ಬಿದ್ದ ಕೂಡಲೇ ಶುರುವಾಗುವ ಪ್ರಶ್ನೆ ಇದು: "ಮಗು ಹಾಸಿಗೆಯಲ್ಲೇ ಉಚ್ಚೆ ಮಾಡ್ಕೊಳ್ತದೆ. ಅದಕ್ಕೊಂದು ಮಾತ್ರೆ ಇದೆಯಂತಲ್ಲ, ಕೊಟ್ಟರೆ ಏನೂ ಆಗೋದಿಲ್ಲ ಅಲ್ವಾ?" ಉತ್ತರ ಅವರೇ ತಂದಿರುತ್ತಾರೆ, ನಾನು ಹೂಂ ಅನ್ನಬೇಕು ಅಷ್ಟೆ. ಅನ್ನುವುದಿಲ್ಲ. ಡಾಕ್ಟರ್ ಚೀಟಿ ಇಲ್ಲದೆ ಕೊಡುವುದೂ ಇಲ್ಲ. ಬೇರೆ ಅಂಗಡಿಯಲ್ಲಿ ಕೊಡ್ತಾರೆ ಅಂತ ನನ್ನನ್ನು ಹೆದರಿಸಬೇಡಿ.

ಕಳೆದ ಆಲೆಮನೆ ಹಂಗಾಮಿನಲ್ಲಿ ಒಬ್ಬರು ಬಂದಿದ್ದರು. ನೆಂಟರ ಮನೆಯಲ್ಲಿ ಆಲೆಮನೆ, ರಾತ್ರಿ ಅಲ್ಲೇ ಉಳಿಯುವುದು. "ಅಕ್ಕಾ, ಈ ಮಾಣಿ ಅವರ ಹಾಸಿಗೆ ಒದ್ದೆ ಮಾಡಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ಒಂದೆರಡು ಮಾತ್ರೆ ಕೊಡಿ, ಸಾಕು." ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ದೊಡ್ಡ ದನಿ. ಮಾಣಿ ತೂಕದ ಮಿಷನ್ ಹತ್ತಿದ್ದವನು ಮುಳ್ಳಿನ ಕಡೆ ನೋಡಲೇ ಇಲ್ಲ. ಕಾಲಿನ ಹೆಬ್ಬೆರಳನ್ನು ಅದರ ರಬ್ಬರಿನ ಹರಿದ ಅಂಚಿಗೆ ತುರುಕುತ್ತ, ತಲೆ ತಗ್ಗಿಸಿ ನಿಂತುಬಿಟ್ಟ.

ನನಗೆ ಸಿಟ್ಟು ಬಂತು. ಮೊದಲು ಆ ದನಿಗೆ. ಆಮೇಲೆ ಆಲೆಮನೆಗೆ ಅಂತಲೇ ಈ ಮಾತ್ರೆ ಕೇಳಿದ್ದಕ್ಕೆ. ಕಬ್ಬಿನ ಹಾಲನ್ನು ಒಂದೇ ಲೋಟಕ್ಕೆ ನಿಲ್ಲಿಸುವ ಮಕ್ಕಳನ್ನು ನಮ್ಮ ಕಡೆ ನೋಡಿದ್ದೀರಾ? ಖಾರದ ಮಂಡಕ್ಕಿ ತಿನ್ನುವುದು, ಮತ್ತೆ ಲೋಟ ಒಡ್ಡುವುದು. ರಾತ್ರಿ ಎಷ್ಟು ಹೊತ್ತಾದರೂ ಅದೇ.

ಈ ಮಾತ್ರೆಯ ಹೆಸರು ಡೆಸ್ಮೋಪ್ರೆಸಿನ್. ನೀರು ಹಿಡಿದಿಟ್ಟುಕೋ ಎಂದು ಕಿಡ್ನಿಗೆ ಹೇಳುವ ಹಾರ್ಮೋನು ನಮ್ಮ ದೇಹದಲ್ಲೇ ಇದೆ. ಕೆಲವು ಮಕ್ಕಳಿಗೆ ರಾತ್ರಿ ಅದು ಸಾಲುವುದಿಲ್ಲ, ಮಾತ್ರೆ ಆ ಕೆಲಸ ಮಾಡುತ್ತದೆ. ನುಂಗಿದ ಮೇಲೆ ಕುಡಿದದ್ದರಲ್ಲಿ ಹೆಚ್ಚಿನದು ಮೈಯಲ್ಲೇ ಉಳಿಯುತ್ತದೆ. ಅಪ್ಪೆಹುಳಿಗೆ ನೀರು ಜಾಸ್ತಿ ಬಿದ್ದರೆ ಉಪ್ಪು ಸಪ್ಪೆಯಾಗುವುದಿಲ್ಲವೇ, ರಕ್ತದಲ್ಲಿನ ಸೋಡಿಯಂ ಹಾಗೇ ತೆಳ್ಳಗಾಗುತ್ತದೆ. ತಲೆನೋವು, ವಾಂತಿ, ಮಂಪರು, ವಿಪರೀತಕ್ಕೆ ಹೋದರೆ ಫಿಟ್ಸ್. ಮೂಗಿಗೆ ಬಿಡುವ ಇದೇ ಔಷಧಿಯ ಸ್ಪ್ರೇಯಿಂದ ಹೀಗೆ ಆಗಿದ್ದಕ್ಕೇ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಮಕ್ಕಳ ಈ ತೊಂದರೆಗೆ ಸ್ಪ್ರೇ ಬಳಸಬೇಡಿ ಎಂದಿತು. ಮಾತ್ರೆ ಡಾಕ್ಟರ್ ಹೇಳಿದಂತೆ ಕೊಟ್ಟರೆ ಒಳ್ಳೆಯ ಔಷಧಿಯೇ. ಅದರ ಮೇಲೆ ಕುಡಿಯುವ ನೀರು ಅಪಾಯ.

ಹಾಗಾಗಿ ನೀವು ನನ್ನನ್ನು ಕೇಳಬೇಕಾದ ಪ್ರಶ್ನೆ "ನೀರಿನ ಲೆಕ್ಕ ಹೇಗೆ?" ಎಂಬುದು. ಅದನ್ನು ಕೇಳಿ, ಗಿರಾಕಿಗಳು ಎಷ್ಟೇ ನಿಂತಿರಲಿ ಕೂರಿಸಿಕೊಂಡು ಹೇಳುತ್ತೇನೆ. ಮಾತ್ರೆಗೆ 1 ಗಂಟೆ ಮುಂಚಿನಿಂದ ನುಂಗಿ 8 ಗಂಟೆ ಆಗುವವರೆಗೆ ಬಾಯಾರಿಕೆಗೆ ಗುಟುಕು ನೀರು ಮಾತ್ರ. ಹಾಲು, ಪಾನಕ, ಎಳನೀರು, ಕಬ್ಬಿನ ಹಾಲು ಎಲ್ಲ ಇದೇ ಲೆಕ್ಕಕ್ಕೆ. ಆದರೆ ಹಗಲು ನೀರು ಕಡಿಮೆ ಮಾಡಬೇಡಿ, ಚೆನ್ನಾಗಿ ಕುಡಿಯಲಿ. ಮಲಗುವ ಮುಂಚೆ ಒಂದಕ್ಕೆ ಹೋಗಿ ಬರಲಿ. ಜ್ವರ, ವಾಂತಿ, ಭೇದಿ ಇದ್ದರೆ ಗುಣವಾಗುವ ತನಕ ಮಾತ್ರೆ ಬೇಡ. ನಿನ್ನೆ ಮರೆತಿರೆಂದು ಇವತ್ತು ಎರಡು ಕೊಡಬೇಡಿ. ಜ್ವರ, ನೋವಿಗೆ ಕೊಡುವ ಐಬುಪ್ರೊಫೇನ್ ಸಿರಪ್ ಹಾಕುವ ಮುಂಚೆ ಕೇಳಿ, ಅದೂ ಸೇರಿದರೆ ನೀರು ಇನ್ನಷ್ಟು ಉಳಿಯಬಹುದು. ಮೂರು ತಿಂಗಳಿಗೊಮ್ಮೆ ಡಾಕ್ಟರೇ ಒಂದು ವಾರ ಮಾತ್ರೆ ನಿಲ್ಲಿಸಿ, ಇನ್ನೂ ಬೇಕಾ ಅಂತ ನೋಡುತ್ತಾರೆ. ತಲೆನೋವು ಬಂದು ವಾಂತಿ ಶುರುವಾಯಿತೋ, ಮುಂದಿನ ಮಾತ್ರೆ ಬಿಟ್ಟು ಮಗುವನ್ನೂ ಮಾತ್ರೆಯ ಸ್ಟ್ರಿಪ್ಪನ್ನೂ ಆಸ್ಪತ್ರೆಗೆ ಒಯ್ಯಿರಿ.

ಮಗುವಿಗೆ ಬೈಯಬೇಡಿ. ನಿದ್ದೆಯಲ್ಲಿ ಆಗುವುದು ಬೇಕಂತ ಮಾಡಿದ್ದಲ್ಲ. 5 ವರ್ಷದ ನೂರು ಮಕ್ಕಳಲ್ಲಿ ಸುಮಾರು 15 ಮಕ್ಕಳಿಗೆ ಇದು ಇದ್ದೇ ಇರುತ್ತದೆ, ಹೆಚ್ಚಿನವರಿಗೆ ಬೆಳೆಯುತ್ತ ತಾನಾಗಿ ಹೋಗುತ್ತದೆ. ಮಲಬದ್ಧತೆ ಇದ್ದರೆ ಮೊದಲು ಅದಕ್ಕೆ ಔಷಧಿ. ಎಷ್ಟೋ ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ.

ಇದೇ ಮಾತ್ರೆಯನ್ನು ಡಯಾಬಿಟಿಸ್ ಇನ್ಸಿಪಿಡಸ್ ಇರುವವರೂ ತೆಗೆದುಕೊಳ್ಳುತ್ತಾರೆ. ಅದು ಸಕ್ಕರೆ ಕಾಯಿಲೆಯಲ್ಲ, ಆ ಹಾರ್ಮೋನೇ ಇಲ್ಲದಂತಾಗಿ ದಿನವಿಡೀ ಲೀಟರುಗಟ್ಟಲೆ ಮೂತ್ರ ಹೋಗುವ ಕಾಯಿಲೆ. ಅವರಿಗೆ ಮೇಲಿನ ಲೆಕ್ಕ ಹೊಂದುವುದಿಲ್ಲ. ಜ್ವರ ಬಂತೆಂದು ತಾವಾಗಿ ಮಾತ್ರೆ ಬಿಟ್ಟರೆ ಮೈ ಒಣಗಿ ಪ್ರಾಣಕ್ಕೇ ಬರಬಹುದು, ಎಷ್ಟು ಕುಡಿಯಬೇಕೆಂದು ಅವರವರ ಡಾಕ್ಟರೇ ಹೇಳಬೇಕು. ಅವರ ಮನೆಯ ಮಾತ್ರೆ ತಂದು ನಿಮ್ಮ ಮಗುವಿಗೆ ಕೊಡಬೇಡಿ.

ಆರು ತಿಂಗಳಿಗೂ ಹೆಚ್ಚು ಒಣ ಹಾಸಿಗೆಯಲ್ಲಿ ಎದ್ದ ಮಗು ಮತ್ತೆ ಒದ್ದೆ ಮಾಡತೊಡಗಿ, ಹಗಲೂ ನೀರು ನೀರು ಅನ್ನುತ್ತ, ತೆಳ್ಳಗಾಗುತ್ತಿದ್ದರೆ ಯಾವ ಮಾತ್ರೆಯೂ ಬೇಡ. ನನ್ನ ಅಂಗಡಿಗೂ ಬರಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ.